ಮಹಮೂದ್ ವಕೀಲರ ಶೇಂಗಾ ಬುಟ್ಟಿ

ನನ್ನ ಕಥೆ ಕೆಟ್ಟಷ್ಟೂ ನಮ್ಮ ಮನೆಯ ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹೆಚ್ಚುತ್ತಿತ್ತು. ಇದಕ್ಕೆ ಹುಮನಾಬಾದಿನ ಮಹಮೂದ್ ವಕೀಲರೇ ಕಾರಣ.

ಎತ್ತರದ ಆಳು, ಮೆಹಂದಿ ಹಚ್ಚಿದ ಗಡ್ಡ, ಗುಂಡಿ ಕಿತ್ತುಹೋದ ಕರಿ ಶೇರವಾನಿ. ಓದಿದ್ದೆಲ್ಲ ಉರ್ದುವಿನಲ್ಲಿ, ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಮಾತಿಗೆ ನಿಂತರೆ ಮಾತ್ರ ಪೇಟೆಯಲ್ಲಿ ಅವರ ಕನ್ನಡಕ್ಕೆ ಎದುರಿರಲಿಲ್ಲ. ನಿಜಾಮರ ಕಾಲ, ಶುಕ್ರವಾರ ರಜೆ. ನಮಾಜು ಮುಗಿಸಿ ಬಂದವರೇ ಪಡಸಾಲೆಯಲ್ಲಿ ಜಮಖಾನೆ ಹಾಸಿಸಿ, ಶೇಂಗಾ ಬುಟ್ಟಿ ಮುಂದಿಟ್ಟುಕೊಂಡು ಕೂಡುತ್ತಿದ್ದರು. ಸೊಲ್ಲಾಪುರದ ಕಡೆಯಿಂದ ಹೊಸ ಕನ್ನಡ ಪುಸ್ತಕವೊಂದು ಬಂದರೆ ಅದನ್ನು ಮೊದಲು ಅಲ್ಲಿ ಓದಬೇಕು. ಪುಸ್ತಕ ಬರದ ವಾರ, ಬರೆಯುವ ಚಟದ ನಾವು ಕೆಲವು ಮಾಸ್ತರರು ನಮ್ಮದನ್ನೇ ಓದುತ್ತಿದ್ದೆವು.

ಅವರು ಕಥೆ ಕೇಳುವ ರೀತಿಯೇ ಬೇರೆ. ಓದು ಹಿಡಿಸಿದರೆ ಶೇಂಗಾ ಸುಲಿಯುವ ಕೈ ನಿಲ್ಲುತ್ತಿತ್ತು. ಎಲ್ಲಿ ಸುಳ್ಳು ನುಸುಳಿತೋ ಅಲ್ಲಿ 'ಪಟ್' ಎಂದು ಒಂದು ಕಾಯಿ ಒಡೆಯುತ್ತಿತ್ತು. ಕಥೆ ಮುಗಿದ ಮೇಲೆ ಸುಲಿದ ಕಾಳನ್ನೆಲ್ಲ ಓದಿದವನ ಹೆಗಲ ವಸ್ತ್ರದಲ್ಲಿ ಸುರಿದು, "ಇದು ನಿಮ್ಮ ಹಕ್ಕರಿ ಮಾಸ್ತರ, ಒಯ್ರಿ" ಎನ್ನುತ್ತಿದ್ದರು. ಒಮ್ಮೆ ನಮ್ಮ ಹೆಡ್‌ಮಾಸ್ತರರು ಚಂದ್ರನ ಮೇಲೆ ಕವಿತೆ ಓದತೊಡಗಿದರು. ವಕೀಲರು ಅರ್ಧಕ್ಕೇ ಒಳಗೆ ಮುಖ ಮಾಡಿ ಕೂಗಿದರು: "ಬೇಗಂ, ಇನ್ನೊಂದು ಬುಟ್ಟಿ ಕಳಸ್ರಿ, ಚಂದ್ರ ಇನ್ನಾ ಮುಳುಗವಲ್ಲ!"

ಮನೆಯಲ್ಲಿ ನನ್ನ ಹೆಂಡತಿ ಗಂಗಮ್ಮನಿಗೆ ಇದು ಹಬ್ಬ. ಕಾಳು ಕಡಿಮೆಯಾದ ವಾರ ವಸ್ತ್ರ ಬಿಚ್ಚಿ ನೋಡಿ, "ಇದೇನ್ರಿ, ಈ ಸಲ ಕಥಿ ಛಲೋ ಬರದೀರೇನು? ಹಿಂಡಿಗೆ ಸಾಲಾಂಗಿಲ್ಲ" ಎಂದು ಮುಖ ಸಣ್ಣ ಮಾಡುತ್ತಿದ್ದಳು. ನನಗೋ, ಒಂದೇ ಒಂದು ಸಲ ಆ ಕೈಯನ್ನು ಕೊನೆಯತನಕ ನಿಲ್ಲಿಸಬೇಕೆಂಬ ಹಟ.

"ಆಕಿಗೆ ಭಾಳ ದುಃಖ ಆತು ಅಂತ ಬರದೀರಿ. ಗವಾಹಿ ಯಾರು?" ಎಂದು ವಕೀಲರು ನನ್ನನ್ನು ಹಿಡಿಯುತ್ತಿದ್ದರು. ಸಾಕ್ಷಿಗೆ ಅವರು ಗವಾಹಿ ಎಂದೇ ಅನ್ನುವುದು. "ಕಚೇರಿಯಾಗ ಗವಾಹಿ ಹೇಳಾಂವ ತಾನ ಅಳಾಕತ್ರ ಮುನ್ಸಿಫ್ ಸಾಹೇಬ್ರು ಗಡಿಯಾರ ನೋಡತಾರ. 'ಎತ್ತು ಹ್ವಾದ ಮ್ಯಾಲೂ ದಿನಾ ಅದರ ಜಾಗಾ ಕಸಾ ಹೊಡದೆ' ಅಂದ್ರ, ಕೈಯಾನ ಪೆನ್ನು ಕೆಳಗ ಇಡತಾರ. ಹಂಗ ಬರೀರಿ." ನಾನು ತಲೆಯಾಡಿಸಿ ಬಂದು ಮತ್ತೆ ದುಃಖವನ್ನೇ ಬರೆಯುತ್ತಿದ್ದೆ.

ನಲವತ್ತೆಂಟರಲ್ಲಿ ಜಮಖಾನೆ ಮಡಚಿಕೊಂಡಿತು. ನಿಜಾಮರ ಕಡೆಯವರು ಗೋರ್ಟಾದಲ್ಲಿ ಮಾಡಿದ ಕೊಲೆಗಳ ಸುದ್ದಿ ಕೇಳಿ ಮೊದಲು ನಾವು ಹೆದರಿ ಬಾಗಿಲು ಹಾಕಿಕೊಂಡೆವು. ನಿಜಾಮರ ಆಳಿಕೆ ಹೋದ ಮೇಲೆ ಹೆದರುವ ಸರದಿ ವಕೀಲರ ಮನೆಯವರದಾಯಿತು. ಪಕ್ಕದ ಮನೆಯ ಶಿವಮ್ಮನ ಕೈಗೆ ಬೀಗದ ಕೈ ಕೊಟ್ಟು, ಅವರು ಕಲ್ಯಾಣಿ ಊರಿನಲ್ಲಿದ್ದ ಮಗಳ ಮನೆ ಸೇರಿದರು. ಮಳೆಗಾಲ ಬಂದು ಹೋದ ಮೇಲೆ ತಿರುಗಿ ಬಂದರು. ನಾನು ಅವರ ಪಡಸಾಲೆಯಲ್ಲಿ ನಿಂತಿದ್ದರೆ, "ಸುಮ್ನ ಯಾಕ ನಿಂತೀರಿ? ಕಥಿ ತಂದಿಲ್ಲೇನ್ರಿ?" ಎಂದರು. ನನಗೆ ಅಳುವೇ ಬಂತು.

ಆಗ ನನ್ನ ಮೊದಲ ಪುಸ್ತಕ ಅಚ್ಚಿಗೆ ಹೊರಟಿತ್ತು. ಕೊನೆಯ ಕಥೆಯೊಂದು ಬಾಕಿ. ಶಿವಮ್ಮ ಬೀಗದ ಕೈ ಮರಳಿ ಕೊಟ್ಟದ್ದನ್ನೇ ಕಥೆ ಮಾಡಿ ತಂದು ಓದಿದೆ. ಬುಟ್ಟಿಯ ಸದ್ದೇ ಇಲ್ಲ. 'ಇಬ್ಬರೂ ಕಣ್ಣೀರು ಸುರಿಸಿದರು' ಎಂಬ ಕೊನೆಯ ಸಾಲಿಗೆ ಬಂದೆ.

ಪಟ್!

"ಯಾರೂ ಅಳಲಿಲ್ಲರಿ," ಎಂದರು ವಕೀಲರು. "'ಮಳಿಗಿ ನಿಮ್ಮ ಕದಾ ಉಬ್ಬ್ಯಾವ ಸಾಹೇಬ್ರ, ಜರಾ ಒದೀಬೇಕು' ಅಂದ್ಲು ಶಿವಮ್ಮ. ಒದ್ದೆ, ತೆಗೀಲಿಲ್ಲ. 'ಸರೀರಿ ಅತ್ತಾಗ' ಅಂದಾಕಿನೇ ಸೀರಿ ಎತ್ತಿ ಕಟ್ಟಿ, ತಾನ ಒದ್ಲು. ಕದಾ ಹೋಗಿ ಗ್ವಾಡಿಗಿ ಬಡೀತು!" ನಗುತ್ತ ನಗುತ್ತ ಶೇರವಾನಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಆ ದಿನ ನನಗೆ ಸಿಕ್ಕದ್ದು ಒಂದೇ ಕಾಯಿಯ ಕಾಳು.

ಮನೆಗೆ ಹೋಗಿ ಕೊನೆಯನ್ನು ಶಿವಮ್ಮ ಒದ್ದ ಹಾಗೆಯೇ ತಿದ್ದಿದೆ.

ಐವತ್ತರಲ್ಲಿ ಕಲ್ಯಾಣಿಯ ಶಾಲೆಯಲ್ಲಿ ಪುಸ್ತಕದ ಬಿಡುಗಡೆ. ವಕೀಲರು ಬಸ್ಸಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಶೇರವಾನಿಯ ಎರಡೂ ಜೇಬು ಉಬ್ಬಿದ್ದವು. ನಾನು ಆ ಕಥೆಯನ್ನೇ ಓದಿದೆ. ಕಿವಿಯೆಲ್ಲ ಅವರ ಕಡೆಗೇ. ಕದ ಗೋಡೆಗೆ ಬಡಿಯಿತು, ಜನ ನಕ್ಕರು, ಕಥೆ ಮುಗಿಯಿತು. ಹಾರ ಹಾಕುವವರನ್ನು ಸರಿಸಿಕೊಂಡು ಮೇಲೆ ಬಂದ ವಕೀಲರು ಎರಡೂ ಅಂಗೈ ಬಿಚ್ಚಿ ತೋರಿಸಿದರು. "ಗಂಗಮ್ಮನವರಿಗೆ ಹೇಳ್ರಿ ಮಾಸ್ತರ, ಇವತ್ತ ಏನೂ ಇಲ್ಲ."

ಅವರನ್ನು ಕಂಡದ್ದು ಅದೇ ಕೊನೆ. ಆ ಚಳಿಗಾಲದಲ್ಲಿ ತೀರಿಕೊಂಡರು. ಆಮೇಲೆ ನನಗೆ ಪ್ರಶಸ್ತಿಗಳು ಬಂದವು. ಶಾಲುಗಳನ್ನು ಗಂಗಮ್ಮ ಪೆಟ್ಟಿಗೆಗೆ ಹಾಕಿಟ್ಟಿದ್ದಾಳೆ. ಹಿಂಡಿಗೆ ಶೇಂಗಾ ಈಗ ಪೇಟೆಯಿಂದ ಕೊಂಡು ತರುತ್ತೇವೆ. ಅವಳು ಒಳಗೆ ಕೂತು ಸುಲಿಯುವಾಗ 'ಪಟ್' ಎಂದರೆ ಸಾಕು, ನನ್ನ ಪೆನ್ನು ನಿಲ್ಲುತ್ತದೆ; ಆಗಷ್ಟೇ ಬರೆದ ಸಾಲನ್ನು ಇನ್ನೊಮ್ಮೆ ಓದಿಕೊಳ್ಳುತ್ತೇನೆ.