ಜಾಲರಿಯನ್ನು ಮನೆಗೊಯ್ಯುವ ಮಂಚಯ್ಯ

ಬೆಳಗಿನ ಐದೂವರೆ. ಕೃಷ್ಣರಾಜಪೇಟೆ ಬಸ್ ನಿಲ್ದಾಣದ ಹಿಂದಿನ ಮಿಲಿಟರಿ ಹೋಟೆಲಿನ ಅಡುಗೆಮನೆಯಲ್ಲಿ ಮಂಚಯ್ಯ ಮಂಡಿಯೂರಿ ಕೂತಿದ್ದಾರೆ. ಮುಂದೆ ಮೂರಡಿ ಉದ್ದದ ಇದ್ದಿಲೊಲೆ. ಬಾಡು ಸುಡುವುದಕ್ಕೆಂದೇ ಮಾಡಿದ್ದು. ಹದಿನಾರು ದಿನದ ಹಿಂದೆ ಇದರ ತಳ ತುಕ್ಕು ತಿಂದು ಉದುರಿತ್ತು, ಒಳಗಿನ ಮಣ್ಣು ಹೋಳು ಹೋಳಾಗಿತ್ತು. ಈಗ ತಗಡು ಹೊಸದು, ಮಣ್ಣು ಹೊಸದು, ಮೆತ್ತಿ ಹನ್ನೊಂದು ದಿನವಾಗಿದೆ. ಆ ಮಣ್ಣಿನ ಗೋಡೆಯಲ್ಲಿ ಒಂದು ರಾಗಿ ಹುಲ್ಲಿನ ಕಡ್ಡಿ ನೆಟ್ಟಿದೆ. ಮಂಚಯ್ಯ ಅದನ್ನು ಮೆಲ್ಲಗೆ ಎಳೆದು ತೆಗೆದು, ತುದಿಯನ್ನು ಕೆಳತುಟಿಗೆ ತಾಗಿಸಿ, ಕಣ್ಣು ಮುಚ್ಚುತ್ತಾರೆ.

ಹಸಿಯೋ ಒಣಗಿದೆಯೋ ಕೈಯಲ್ಲೇ ಮುಟ್ಟಿ ನೋಡಬಹುದಲ್ಲ ಎಂದು ಕೇಳಿದರೆ ಎರಡೂ ಅಂಗೈ ಚಾಚುತ್ತಾರೆ. ಮೂವತ್ತು ವರ್ಷ ಕಾದ ಕಬ್ಬಿಣ ಹಿಡಿದು ಚರ್ಮ ಎತ್ತಿನ ಗೊರಸಿನ ಹಾಗಾಗಿದೆ. "ಈ ಕೈಗೆ ತಣ್ಣಗಿರೋದೂ ಒಂದೇ, ಬೆಚ್ಚಗಿರೋದೂ ಒಂದೇ ಸ್ವಾಮಿ. ತುಟಿ ಸುಳ್ಳು ಏಳಕಿಲ್ಲ" ಎನ್ನುತ್ತಾರೆ.

ಆಮೇಲೆ ಅವರು ಮಾಡುವ ಕೆಲಸ, ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನನಗೆ ವಿಚಿತ್ರವಾಗಿ ಕಾಣುತ್ತದೆ. ಹೋಟೆಲಿನ ಯಜಮಾನ ನರಸಯ್ಯ ಪಕ್ಕದಲ್ಲೇ ನಿಂತಿದ್ದರೂ ಅವರತ್ತ ತಿರುಗದೆ, ಮೂಲೆಯಲ್ಲಿ ಖಾರ ಅರೆಯುತ್ತಿದ್ದ ಸೋಮಮ್ಮನನ್ನು ಕರೆಯುತ್ತಾರೆ. ದಿನಾ ಒಲೆ ಹಚ್ಚುವವಳು ಆಕೆ. "ನೀನೂ ತುಟಿಗಿಟ್ಟು ನೋಡವ್ವ." ಸೋಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಡ್ಡಿ ಇಸಿದುಕೊಳ್ಳುತ್ತಾಳೆ. "ಇನ್ನೂ ತಣ್ಣಗೈತೆ ಕಣಣ್ಣ" ಎನ್ನುತ್ತಾಳೆ.

"ಅಂಗಾರೆ ಇವತ್ತು ಅಚ್ಚಂಗಿಲ್ಲ. ಮೊನ್ನೆ ಮಳೆ ಬಂತಲ್ಲ, ಒಣಗಿಲ್ಲ. ಇನ್ನೆರಡು ದಿನ ಬುಡಿ ಎಜಮಾನ್ರೆ."

ನರಸಯ್ಯನವರ ಮುಖ ಕೆಂಪಾಗುತ್ತದೆ. "ಲೇ ಮಂಚ, ಇವತ್ತು ಯಾವ ದಿನ ಗೊತ್ತೇನ್ಲಾ? ವರ್ಸತೊಡಕು ಕಣ್ಲಾ!" ಯುಗಾದಿಯ ಬೇವು ಬೆಲ್ಲ ನಿನ್ನೆಗೆ ಮುಗಿದಿದೆ. ಇವತ್ತು ಈ ಸೀಮೆಯಲ್ಲಿ ಬಾಡಿನ ವಾಸನೆ ಏಳದ ಮನೆಯೇ ಅಪರೂಪ. ಊರಿಗೆ ಹೋಗಲಾಗದ ಡ್ರೈವರು, ಕಂಡಕ್ಟರು, ಪೊಲೀಸಿನವರು, ಬಾಡಿಗೆ ಕೋಣೆಯ ಗುಮಾಸ್ತರು ಎಲ್ಲರೂ ಮಧ್ಯಾಹ್ನಕ್ಕೆ ಇಲ್ಲಿಗೇ ಬರುವವರು. ಹಿತ್ತಲಿನಲ್ಲಿ ಆಗಲೇ ಎರಡು ಮರಿ ತೂಗುತ್ತಿವೆ. ವರ್ಷಕ್ಕೊಂದೇ ದಿನ ಬರುವ ವ್ಯಾಪಾರ ಇದು, ನರಸಯ್ಯನವರ ಸಿಟ್ಟು ಸುಮ್ಮನೆ ಬಂದದ್ದಲ್ಲ.

"ಕೊಡ್ಲಾ ಜಾಲರಿ" ಎಂದು ಕೈ ಚಾಚುತ್ತಾರೆ. ಗೋಡೆಗೊರಗಿಸಿದ್ದ ಗೋಣಿಚೀಲದೊಳಗೆ ಆ ಒಲೆಯ ಕಂಬಿ ಜಾಲರಿ ಇದೆ. ಇದ್ದಿಲು ಕೂರುವುದೇ ಅದರ ಮೇಲೆ. ಅದಿಲ್ಲದೆ ಕೆಳಗಿನಿಂದ ಗಾಳಿ ಆಡುವುದಿಲ್ಲ, ಕೆಂಡ ಹತ್ತುವುದಿಲ್ಲ. ಮಂಚಯ್ಯ ಗೋಣಿಚೀಲವನ್ನು ಹೆಗಲಿಗೇರಿಸುತ್ತಾರೆ. "ನಾಳಿದ್ದು ತರ್ತೀನಿ."

"ನಾಳಿದ್ದು ಬರಲೇಬ್ಯಾಡ. ಮೈಸೂರಿಂದ ಪಂಪ್ ಸ್ಟೌ ತರುಸ್ತೀನಿ. ಆ ಜಾಲರೀನ ನೀನೇ ಮಡಿಕ್ಕಂಡು ಪೂಜೆ ಮಾಡ್ಕೊ ಓಗು!"

ಮಂಚಯ್ಯ ಅಂಗಳ ದಾಟುತ್ತಾರೆ. ಹದಿನಾಲ್ಕು ಕಂಬಿಯ ಆ ಜಾಲರಿಗೆ ಒಳ್ಳೇ ತೂಕವಿದೆ, ಮಂಚಯ್ಯನವರಿಗೆ ಐವತ್ತಾರು ವರ್ಷ. ನಾನು ಒಂದು ತುದಿ ಹಿಡಿಯಲು ಹೋದರೆ ಬೇಡವೆನ್ನುತ್ತಾರೆ. ಚಿನಕುರಳಿಗೆ ಹೋಗುವ ಬಸ್ಸಿನ ಕಂಡಕ್ಟರಿಗೆ ಈ ಗೋಣಿಚೀಲದ ಪರಿಚಯ ಹಳೆಯದು. "ಏನ್ ಮಂಚಣ್ಣ, ಇವತ್ತೂ ಮಗಳು ಗಂಡನ ಮನೇಲಿ ನಿಲ್ಲಲಿಲ್ವಾ?" ಎಂದು ನಗುತ್ತಾನೆ. ಮಂಚಯ್ಯ ನಗುವುದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕೂ ಊರಿನ ಹೋಟೆಲುಗಳ ಇದ್ದಿಲೊಲೆಗಳಿಗೆ ಇವರೊಬ್ಬರೇ ವೈದ್ಯರು. ಒಂದು ಕಾಲದಲ್ಲಿ ಇಪ್ಪತ್ತಮೂರು ಹೋಟೆಲಿನವರು ಕರೆಯುತ್ತಿದ್ದರಂತೆ. ಈಗ ಎಪ್ಪತ್ತೊಂದನೇ ಇಸವಿ, ಸೀಮೆಎಣ್ಣೆಯ ಪಂಪ್ ಸ್ಟೌಗಳು ಬುಸುಗುಟ್ಟುತ್ತ ಒಳಗೆ ಬಂದಿವೆ. ಹನ್ನೊಂದು ಹೋಟೆಲು ಉಳಿದಿದ್ದವು. ಈ ಬೆಳಿಗ್ಗೆಯಿಂದ ಹತ್ತು.

ಕೆಲಸ ನೋಡಿದವರಿಗೆ ಇದು ಬರೀ ಮಣ್ಣು ಮೆತ್ತುವುದಲ್ಲ ಎಂದು ಗೊತ್ತಾಗುತ್ತದೆ. ಮೊದಲು ಸುತ್ತಿಗೆಯ ಹಿಡಿಯಿಂದ ಒಲೆಯ ಮೈಯನ್ನೆಲ್ಲ ತಟ್ಟುತ್ತಾರೆ. ಸದ್ದು ಮಂಕಾದ ಕಡೆ ತುಕ್ಕು ಹಿಡಿದಿದೆ ಎಂದು ಲೆಕ್ಕ. ಅಲ್ಲಿ ಕತ್ತರಿಸಿ, ಡಾಂಬರು ಡ್ರಮ್ಮಿನ ತಗಡು ಕೂರಿಸಿ ಮೊಳೆ ಬಡಿಯುತ್ತಾರೆ. ಬಗ್ಗಿದ ಕಂಬಿಗಳನ್ನು ಕೆಂಡದಲ್ಲಿಟ್ಟು ನೆಟ್ಟಗೆ ಮಾಡುತ್ತಾರೆ. ಒಳಗೆ ಮೆತ್ತುವ ಮಣ್ಣಿಗೆ ಹುತ್ತದ ಮಣ್ಣು, ಭತ್ತದ ಹೊಟ್ಟು, ಜಟಕಾ ಸ್ಟ್ಯಾಂಡಿನ ಕುದುರೆ ಲದ್ದಿ, ಆಲೆಮನೆಯಿಂದ ತಂದ ಕಾಕಂಬಿ. ನಾಲ್ಕು ದಿನ ಕಲಸಿ ಕೊಳೆಹಾಕಿದರೆ ಅಡುಗೆಮನೆಗೆ ಕಾಲಿಡಲಾಗದಷ್ಟು ನಾತ. ಅದನ್ನು ನಾಲ್ಕು ಬೆರಳು ದಪ್ಪ ಮೆತ್ತಿ, ಹಸಿ ಇರುವಾಗಲೇ ರಾಗಿ ಕಡ್ಡಿ ನೆಡುತ್ತಾರೆ. ಆಮೇಲೆ ಹನ್ನೊಂದು ದಿನ ನೆರಳಲ್ಲಿ ಒಣಗಬೇಕು. ಮೇಲ್ಮೈ ಐದೇ ದಿನಕ್ಕೆ ಒಣಗಿದ ಹಾಗೆ ಕಾಣುತ್ತದೆ. ಒಳಗೆ ಹಸಿ ಇರುತ್ತದೆ. ಆ ಹಸಿಗೆ ಬೆಂಕಿ ತಾಕಿದರೆ ಮಣ್ಣು ಸಿಡಿಯುತ್ತದೆ.

ಮಣ್ಣು ಸಿಡಿದರೆ ಏನಾಗುತ್ತದೆ ಎಂಬುದು ಮಂಚಯ್ಯನವರ ಮನೆಯಲ್ಲೇ ಇದೆ.

ಒಂಬತ್ತು ವರ್ಷದ ಹಿಂದೆ ಗಂಡ ಹೆಂಡತಿ ನಾಗಮಂಗಲದಲ್ಲಿದ್ದರು. ಅಲ್ಲಿನ ಒಂದು ಮಿಲಿಟರಿ ಹೋಟೆಲಿನಲ್ಲಿ ಹೆಂಡತಿ ಚಲುವಮ್ಮ ಖಾರ ಅರೆದು ಒಲೆ ಹಚ್ಚುವ ಕೆಲಸಕ್ಕಿದ್ದರು. ಯುಗಾದಿಗೆ ಹತ್ತು ಹನ್ನೆರಡು ದಿನವಿರುವಾಗ ಆ ಹೋಟೆಲಿನ ಬಾಡು ಸುಡುವ ಒಲೆ ಒಡೆಯಿತು. ಮಂಚಯ್ಯ ದುರಸ್ತಿ ಮಾಡಿದರು. ಹನ್ನೊಂದು ದಿನ ಹಚ್ಚಬೇಡಿ ಎಂದು ಯಜಮಾನನಿಗೆ ಹೇಳಿ, ಬೇರೆ ಕೆಲಸಕ್ಕೆ ಶ್ರೀರಂಗಪಟ್ಟಣಕ್ಕೆ ಹೋದರು. ಮಣ್ಣು ಮೆತ್ತಿದ ಏಳನೇ ದಿನವೇ ವರ್ಷತೊಡಕು. ಯಜಮಾನ ಒಲೆಯ ಮೈ ಸವರಿ ನೋಡಿದ, ಒಣಗಿದ ಹಾಗಿತ್ತು, ಹಚ್ಚು ಎಂದ. ಚಲುವಮ್ಮ ಹಚ್ಚಿ, ಬಗ್ಗಿ ಊದುಗೊಳವೆ ಬಾಯಿಗಿಟ್ಟರು. ಮೈಸೂರಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿದರೂ ಎಡಗಣ್ಣು ಉಳಿಯಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಆ ಯಜಮಾನ ತನ್ನ ಆತುರದ ಮಾತನ್ನು ಎಲ್ಲೂ ಆಡಲಿಲ್ಲ. ಮಂಚನ ಕೆಲಸ ಮಂಚನ ಹೆಂಡತಿಯ ಕಣ್ಣನ್ನೇ ತಿಂತು ಎಂದು ಗಿರಾಕಿಗಳಿಗೆ ಹೇಳಿದ. ಊರು ಅದನ್ನೇ ಬಾಯಿಪಾಠ ಮಾಡಿತು. ಬಾಡು ಬಾಯಿ ಚಪ್ಪರಿಸಿ ತಿಂದು, ಮೂಳೆ ಚೀಪುತ್ತ, ಅದೇ ಬಾಯಲ್ಲಿ ಅದೇ ಕತೆ ಹೇಳಿದರು ಜನ. ಗಂಡ ಹೆಂಡತಿ ಊರು ಬಿಟ್ಟು ಚಿನಕುರಳಿಗೆ, ಚಲುವಮ್ಮನವರ ತವರಿಗೆ ಬಂದರು. ಜಾಲರಿಯನ್ನು ಬಿಚ್ಚಿ ಮನೆಗೊಯ್ಯುವ ಪದ್ಧತಿ ಅವತ್ತಿನಿಂದ ಶುರುವಾಯಿತು. ಒಣಗಿದ ದಿನ ತಾವೇ ತಂದು ಕೂರಿಸುತ್ತಾರೆ, ಮೊದಲ ಕೆಂಡಕ್ಕೆ ತಾವೇ ಮುಖ ಕೊಟ್ಟು ಊದುತ್ತಾರೆ, ಬೇರೆಯವರೆಲ್ಲ ಬಾಗಿಲಾಚೆ ನಿಲ್ಲಬೇಕು.

ಈ ಲೇಖನಕ್ಕೆ ಮಂಚಯ್ಯ ಒಪ್ಪಿದ್ದೇ ಒಂದು ಆಸೆಯಿಂದ. ಮೊದಲ ಭೇಟಿಯಲ್ಲೇ ಕೇಳಿದ್ದರು: "ಪೇಪರ್ನಲ್ಲಿ ನನ್ನ ಪಟ ಬ್ಯಾಡ ಸ್ವಾಮಿ. ಒಂದು ಮಾತು ಬರ್ಕಳಿ ಸಾಕು. ಮಂಚಯ್ಯ ಅಚ್ಚಬ್ಯಾಡಿ ಅಂತ ಏಳಿದ್ದ, ತಪ್ಪು ಅವಂದಲ್ಲ ಅಂತ. ನಾಗಮಂಗಲದೋರು ಓದ್ಲಿ." ಒಂಬತ್ತು ವರ್ಷ ಎದೆಯಲ್ಲಿಟ್ಟುಕೊಂಡ ಮಾತದು. ಬರೆಯುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ.

ಹೋದ ವಾರ ಚಿನಕುರಳಿಯ ಮನೆಯ ಜಗಲಿಯಲ್ಲಿ ಚಲುವಮ್ಮನವರಿಗೆ ಇದನ್ನು ಹೇಳಿದೆ. ಮಂಚಯ್ಯ ಹಿತ್ತಲಲ್ಲಿ ಮಣ್ಣು ತುಳಿಯುತ್ತಿದ್ದರು. ಅವರೆಕಾಳು ಹಸನು ಮಾಡುತ್ತಿದ್ದ ಆಕೆ ಮೊರದಿಂದ ತಲೆಯೆತ್ತಲಿಲ್ಲ.

"ಬರ್ಕಳಿ, ನಂದೇನಡ್ಡಿ? ಎಜಮಾನಂಗೆ ಏಳಿದ್ದು ನಿಜವೇಯ. ಆದ್ರೆ ನನಗೆ ಏಳಿದ್ನಾ ಕೇಳಿ. ಒಂದೇ ಮನೇಲಿದ್ದೋ, ಒಂದೇ ತಟ್ಟೇಲಿ ಉಂಡೋ. ಊರಿಗೋಗೋವಾಗ ಬಾಗ್ಲು ಅಗುಳಿ ಆಕ್ಕೊ ಅಂದ, ಮೇಕೆಗೆ ಸೊಪ್ಪು ಆಕು ಅಂದ. ಒಲೆ ಅಸಿ ಐತೆ ಕಣೇ ಅಂತ ಒಂದು ಮಾತು ಅನ್ಲಿಲ್ಲ." ಮೊರ ಎತ್ತಿ ಕಾಳು ಕೇರಿದರು. "ನನ್ನ ಗಂಡ ಕಟ್ಟಿದ ಒಲೆ ಅಲ್ವಾ ಅಂತ ನಂಬಿ ಬಗ್ಗಿದೆ. ಬ್ಯಾರೆಯೋನು ಕಟ್ಟಿದ್ರೆ ಒಸಿ ದೂರ ನಿಂತ್ಕತಿದ್ದೆ."

ಇದನ್ನು ಗಂಡನಿಗೆ ಯಾವತ್ತಾದರೂ ಹೇಳಿದ್ದೀರಾ ಎಂದೆ. "ಒಂದೇ ಸಲ, ಆಸ್ಪತ್ರೇಲಿ. ಅವತ್ತಿಂದ ಅವ್ನು ಕೇಳ್ಸ್ದೇ ಇರೋನಂಗೆ ಅವ್ನೆ." ಬೈಗುಳದಲ್ಲಾದರೂ ಸಲಿಗೆ ಇರುತ್ತದೆ, ಆ ಮಾತಿನಲ್ಲಿ ಅದೂ ಇರಲಿಲ್ಲ.

ಬಸ್ಸು ಚಿನಕುರಳಿಯಲ್ಲಿ ನಿಲ್ಲುತ್ತದೆ. ಬಿಸಿಲು ಏರಿದೆ, ಬೀದಿಯ ಎಲ್ಲ ಮನೆಯಿಂದಲೂ ಮಸಾಲೆ ಹುರಿದ ಘಮ. ಮಂಚಯ್ಯ ಗೋಣಿಚೀಲ ಹೊತ್ತು ಮುಂದೆ, ನಾನು ಹಿಂದೆ. ಇವತ್ತಿನ ಗಿರಾಕಿ ಹೋದ, ಪಂಪ್ ಸ್ಟೌ ಬರುತ್ತದೆ, ಈ ಹದಿನಾಲ್ಕು ಕಂಬಿ ಇನ್ನು ಗುಜರಿಗೆ. ಸಮಾಧಾನದ ಮಾತು ಹೇಳಲು ಹೋದರೆ ತಡೆಯುತ್ತಾರೆ. "ಸ್ಟೌ ತರ್ಲಿ ಬುಡಿ. ಅದನ್ನೂ ಸೋಮಮ್ಮನೇ ತಾನೆ ಅಚ್ಚೋದು" ಎನ್ನುತ್ತಾರೆ, ಅಷ್ಟೆ.

ಜಗಲಿಯಲ್ಲಿ ಚಲುವಮ್ಮ ನಿಂತಿದ್ದಾರೆ. ಉಳಿದ ಒಂದು ಕಣ್ಣು ನೇರ ಗೋಣಿಚೀಲದ ಮೇಲೆ ಬೀಳುತ್ತದೆ. ಜಾಲರಿ ಯಾಕೆ ವಾಪಸು ಬಂತು, ನರಸಯ್ಯ ಏನೆಂದ, ಹಬ್ಬದ ದಿನ ಬರಿಗೈಲಿ ಬಂದೆಯಾ ಎಂದು ಯಾವುದನ್ನೂ ಕೇಳುವುದಿಲ್ಲ.

"ಯಾರಿಗೆ ಏಳ್ಬಂದೆ?"

"ಸೋಮಮ್ಮಂಗೆ. ತುಟಿಗಿಡ್ಸಿ ತೋರ್ಸ್ದೆ."

ಚಲುವಮ್ಮ ಚೆಂಬಿನಲ್ಲಿ ನೀರು ತಂದಿಟ್ಟು ಒಳಗೆ ಹೋಗುತ್ತಾರೆ. ಮಂಚಯ್ಯ ಜಾಲರಿಯನ್ನು ಗೋಡೆಗೊರಗಿಸಿ ಕೂರುತ್ತಾರೆ, ನೀರು ಮುಟ್ಟುವುದಿಲ್ಲ. ನಾನು ಹೊರಡಲು ಎದ್ದಾಗ ಕರೆಯುತ್ತಾರೆ. ದನಿ ತಗ್ಗಿಸುವುದಿಲ್ಲ, ಒಳಗಿದ್ದವರಿಗೂ ಕೇಳುವ ಹಾಗೆಯೇ ಹೇಳುತ್ತಾರೆ.

"ಸ್ವಾಮಿ, ಅವತ್ತು ಒಂದು ಮಾತು ಬರ್ಕಳಿ ಅಂದಿದ್ನಲ್ಲ, ಅದ ಒಡೆದಾಕಿ. ಇಂಗೆ ಬರೀರಿ. ಮಂಚಯ್ಯ ಎಜಮಾನಂಗೆ ಏಳಿದ್ದ. ಒಲೆ ಅಚ್ಚೋಳ್ಗೆ ಏಳಿರ್ಲಿಲ್ಲ."