ಮಗಳಿಗೆ ನಾನು ಕೊಟ್ಟ ‘ಸಾಧಾರಣ’

ನನ್ನ ಮಗಳಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗದಂತೆ ಮಾಡಿದವಳು ನಾನು.

ಈ ಮಾತು ಮೊದಲ ಸಾಲಿನಲ್ಲೇ ಇರಬೇಕೆಂದು ಹಟ ಹಿಡಿದು ಬರೆದಿದ್ದೇನೆ. ನಾನು ಕಾನ್ವೆಂಟಿನಲ್ಲಿ ಓದುವಾಗ ಗೆಳತಿಯರು ಸಾಲಾಗಿ ಪಾಪನಿವೇದನೆಗೆ ಹೋಗುತ್ತಿದ್ದರು. ನಾನು ಹಿಂದೂ ಹುಡುಗಿ, ಹೊರಗಿನ ಮೆಟ್ಟಿಲ ಮೇಲೆ ಅವರ ಚೀಲ ಕಾಯುತ್ತ ಕೂರುತ್ತಿದ್ದೆ. ಒಳಗೆ ಎಂತ ಹೇಳ್ತೀರಿ ಎಂದು ಕೇಳಿದಾಗ ಒಬ್ಬಳು ಹೇಳಿದ್ದಳು — ಮೊದಲು ತಪ್ಪು ಹೇಳಬೇಕು, ಕಾರಣ ಮೊದಲು ಶುರು ಮಾಡಿದರೆ ಫಾದರ್ ಕೆಮ್ಮುತ್ತಾರೆ. ಅದಕ್ಕೇ ತಪ್ಪು ಮೊದಲು.

ಮಗಳಿಗೆ ಇದನ್ನು ಹೇಳಿದ್ದು ಕಳೆದ ಸೋಮವಾರ. ಬೆಳಗೇನೋ ಎಲ್ಲ ಬೆಳಗುಗಳ ಹಾಗೇ ಇತ್ತು. ಇವರು ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವರು. ಆರು ಗಂಟೆಗೇ ಚಹಾ ಕುಡಿದು ಹೋಗಿದ್ದರು. ಲೋಟದ ಹೊರಗೆ ಎಂದಿನಂತೆ ಗ್ರೀಸಿನ ಹೆಬ್ಬೆಟ್ಟು. ನಾನು ದೋಸೆ ಎರೆಯುತ್ತಿದ್ದೆ. ನಯನಾ ಕುಮಟೆಯ ಬಸ್ಸಿಗೆ ಹೊರಡಲು ಜಡೆ ಹೆಣೆದುಕೊಳ್ಳುತ್ತಿದ್ದಳು — ಬೆನ್ನು ನೆಟ್ಟಗೆ ಮಾಡಿ, ಒಂದಿಷ್ಟೂ ಬಗ್ಗದೆ. ಬೆಲ್ಟು ಬಿಚ್ಚಿ ವರ್ಷಗಳಾದರೂ ಅವಳು ಇಂದಿಗೂ ಅದನ್ನು ಕಟ್ಟಿಕೊಂಡವಳ ಹಾಗೇ ಕೂರುತ್ತಾಳೆ.

ಆ ಬೆಲ್ಟಿನಿಂದಲೇ ಹೇಳಬೇಕು. ಏಳನೇ ತರಗತಿಯಲ್ಲಿದ್ದಾಗ ಅವಳ ಬೆನ್ನುಮೂಳೆಗೆ ಕ್ಷಯ ತಗಲಿತು. ಒಂದೂವರೆ ವರ್ಷ ಔಷಧಿ, ಅದರಲ್ಲಿ ಬಹುಪಾಲು ಹಾಸಿಗೆ; ಎದ್ದು ಕೂತರೆ ಬೆನ್ನಿಗೆ ಆ ಬೆಲ್ಟು. ಗುಣವಾಗುವ ಹೊತ್ತಿಗೆ ಓರಗೆಯವರೆಲ್ಲ ಮುಂದೆ ಹೋಗಿದ್ದರು. ಚಿಕ್ಕವರ ಜೊತೆ ಕೂರಲು ಅವಳು ಒಪ್ಪಲಿಲ್ಲ. ಹಾಗಾಗಿ ಹೊನ್ನಾವರದ ನಮ್ಮ ಅಡುಗೆಮನೆಯೇ ಅವಳ ಶಾಲೆಯಾಯಿತು. ನಾನು ಕಲಿಸಿದೆ. ಹತ್ತನೆಯದು, ಹನ್ನೆರಡನೆಯದು ಎರಡನ್ನೂ ಓಪನ್ ಸ್ಕೂಲಿನಲ್ಲಿ ಕಟ್ಟಿ ಪಾಸಾದಳು.

ನಾನು ಆ ಶಾಲೆಯನ್ನು ಎಷ್ಟು ಗಂಭೀರವಾಗಿ ನಡೆಸಿದೆ ಅಂದರೆ — ಒಬ್ಬಳೇ ವಿದ್ಯಾರ್ಥಿನಿಗೆ ಹಾಜರಿ ಪುಸ್ತಕ ಇಟ್ಟಿದ್ದೆ. ನಗಬೇಡಿ. ಹತ್ತು ಗಂಟೆಗೆ ಸೆರಗು ಪಿನ್ನು ಮಾಡಿಕೊಂಡು ಮೇಜಿನ ಮುಂದೆ ನಿಲ್ಲುತ್ತಿದ್ದೆ. ಪಾಠದ ಹೊತ್ತಿನಲ್ಲಿ ಅವಳು ನನ್ನನ್ನು ಅಮ್ಮ ಅನ್ನುವಂತಿರಲಿಲ್ಲ. ಎದುರು ಮಾತೂ ಇಲ್ಲ. ಅವಳನ್ನು ನೋಡುವ ಡಾಕ್ಟರು ಒಮ್ಮೆ ನರ್ಸಿಗೆ ನನ್ನನ್ನು ತೋರಿಸಿ, ‘ಇವರು ಟೀಚರ್’ ಎಂದರು. ಮದುವೆಯಾದ ಮೇಲೆ ಮೊದಲ ಸಲ ಯಾರೋ ನನ್ನನ್ನು ಇನ್ನೊಬ್ಬರ ಹೆಂಡತಿ, ಇನ್ನೊಬ್ಬರ ಅಮ್ಮ ಅನ್ನದೆ ಬೇರೆ ಏನೋ ಅಂದಿದ್ದರು.

ಇನ್ನು ಬಳಚು. ನದಿ ಸಮುದ್ರ ಸೇರುವಲ್ಲಿ ಮರಳು ಕೆದಕಿ ಹೆಕ್ಕುವ ಈ ಚಿಪ್ಪುಮೀನನ್ನು ಗಂಗಕ್ಕ ಬುಟ್ಟಿಯಲ್ಲಿ ಮಾರಿಕೊಂಡು ಬರುತ್ತಾಳೆ. ನಯನಾ ಮಲಗಿದ್ದ ದಿನಗಳಲ್ಲಿ ಬೇಸರ ಕಳೆಯಲೆಂದು ನಾನು ಖಾಲಿ ಚಿಪ್ಪುಗಳನ್ನು ತೊಳೆದು ಅವಳ ಕೈಗೆ ಕೊಡುತ್ತಿದ್ದೆ. ಅವಳು ಅವುಗಳ ಮೇಲಿನ ಗೆರೆಗಳನ್ನು ನೋಡತೊಡಗಿದಳು. ಗಂಗಕ್ಕನನ್ನು ಕಿಟಕಿಯಿಂದಲೇ ಕರೆದು, ಇವತ್ತಿನದು ಸೇತುವೆಯ ಮೇಲ್ಬದಿಯದೋ ಅಳಿವೆಯದೋ ಎಂದು ಕೇಳಿ ಬರೆದುಕೊಳ್ಳುವಳು. “ಎಲ್ಲರೂ ತಿಂದು ಸಿಪ್ಪೆ ಬಿಸಾಡ್ತ್ರು, ನೀ ಸಿಪ್ಪೆ ಓದ್ತಿಯಲ್ಲೇ ಮಗಾ!” ಎಂದು ಗಂಗಕ್ಕ ನಗುತ್ತಿದ್ದಳು. ಮಳೆಗಾಲದಲ್ಲಿ ನದಿನೀರು ಸಿಹಿಯಾದಾಗ ಗೆರೆಗಳು ಒತ್ತೊತ್ತಾಗುತ್ತವೆ, ಉಪ್ಪು ಮರಳಿದ ಮೇಲೆ ಅಗಲವಾಗುತ್ತವೆ — ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೇ ಗೊತ್ತಿರಲಿಲ್ಲ. ನಾಲ್ಕು ವರ್ಷ, ಮೂರು ದಪ್ಪ ನೋಟುಪುಸ್ತಕ, ಪುಟಪುಟಕ್ಕೂ ಪೆನ್ಸಿಲಿನ ಚಿತ್ರ.

ಹನ್ನೆರಡನೆಯದು ಮುಗಿದ ಮೇಲೆ ಬೇರೆ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಕಡಲಜೀವಿಗಳನ್ನು ಓದುವ ಕೋರ್ಸಿಗೆ ಅರ್ಜಿ ಹಾಕಿದಳು. ಶಾಲೆಗೆ ಹೋದ ಮಕ್ಕಳಿಗೆ ಮುಖ್ಯೋಪಾಧ್ಯಾಯರ ಹೇಳಿಕೆ ಬೇಕಿತ್ತು. ಮನೆಯಲ್ಲಿ ಓದಿದವರಿಗೆ — ಕಲಿಸಿದವರ ಹೇಳಿಕೆ. ಅದರ ಕೊಂಡಿ ನೇರವಾಗಿ ನನ್ನ ಇಮೇಲಿಗೆ ಬಂತು; ವಿದ್ಯಾರ್ಥಿ ಅದನ್ನು ನೋಡುವಂತಿಲ್ಲ ಎಂದು ಮೇಲೆಯೇ ಬರೆದಿತ್ತು. ವಿದ್ಯಾರ್ಥಿಯ ಮಟ್ಟ ಯಾವುದು: ಅತ್ಯುತ್ತಮ, ಉತ್ತಮ, ಸಾಧಾರಣ. ಅದರ ಕೆಳಗೆ: ವಿದ್ಯಾರ್ಥಿ ಪಠ್ಯದ ಹೊರಗೆ ಸ್ವಂತವಾಗಿ ಮಾಡಿದ ಅಧ್ಯಯನ ಇದ್ದರೆ ವಿವರಿಸಿ.

ನಾನು ‘ಸಾಧಾರಣ’ವನ್ನು ಒತ್ತಿದೆ. ಕೆಳಗಿನ ಜಾಗದಲ್ಲಿ ‘ಇಲ್ಲ’ ಎಂದು ಬರೆದೆ.

ಆಗ ಮೂರೂ ಪುಸ್ತಕ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಮೇಜಿನ ಮೇಲಿದ್ದವು.

ಎರಡು ವರ್ಷ ನಾನು ನನಗೇ ಒಂದು ಸಮಜಾಯಿಷಿ ಹೇಳಿಕೊಂಡೆ. ನಮ್ಮ ಕಡೆ ಹೆತ್ತವರು ಮಕ್ಕಳನ್ನು ಬಾಯಿತುಂಬ ಹೊಗಳುವುದಿಲ್ಲ, ದೃಷ್ಟಿ ತಾಗುತ್ತದೆ. ಮಗಳು ಹೇಗೆ ಓದ್ತಾಳೆ ಎಂದು ಯಾರಾದರೂ ಕೇಳಿದರೆ ‘ಸುಮಾರು’ ಅನ್ನಬೇಕು, ಕೇಳಿದವರಿಗೂ ಅದರ ಅರ್ಥ ಗೊತ್ತು. ಅದೇ ರೂಢಿಯಲ್ಲಿ ಬರೆದುಬಿಟ್ಟೆ, ಅಲ್ಲಿನವರಿಗೆ ನಮ್ಮ ರೂಢಿ ತಿಳಿಯಲಿಲ್ಲ — ಹೀಗೆ. ಮೊದಲ ಪ್ರಶ್ನೆಗೆ ಇದನ್ನು ಒಪ್ಪಬಹುದೋ ಏನೋ. ಎರಡನೆಯದಕ್ಕೆ? ಇರುವುದನ್ನು ‘ಇಲ್ಲ’ ಅನ್ನುವುದು ಸಂಕೋಚವಲ್ಲ. ಸುಳ್ಳು. ನಿಜ ಏನೆಂದರೆ — ಅವಳು ಹೋದರೆ ನನ್ನ ಶಾಲೆ ಮುಚ್ಚುತ್ತಿತ್ತು. ಹತ್ತು ಗಂಟೆಗೆ ಸೆರಗು ಪಿನ್ನು ಮಾಡಿಕೊಳ್ಳಲು ನನಗೆ ಕಾರಣವೇ ಇರುತ್ತಿರಲಿಲ್ಲ. ಅಷ್ಟೇ. ಅಷ್ಟು ಸಣ್ಣದಕ್ಕೆ.

ಆಯ್ಕೆ ಆಗಿಲ್ಲ ಎಂಬ ಎರಡು ಸಾಲಿನ ಉತ್ತರ ಬಂತು. ಕಾರಣ ಇರಲಿಲ್ಲ. ನಯನಾ ಅಳಲಿಲ್ಲ, ಪುಸ್ತಕಗಳನ್ನು ಹಳೇ ಪೇಪರಿನ ಕಟ್ಟಿಗೆ ಹಾಕಿ ಬಂದಳು. ನಾನು ಅವನ್ನು ತೆಗೆದು ನನ್ನ ಸೀರೆಗಳ ಅಡಿಯಲ್ಲಿ ಇಟ್ಟೆ. ಇದನ್ನೂ ಒಳ್ಳೆಯತನ ಎಂದು ಓದಬೇಡಿ. ಅವಳು ಕುಮಟೆಯ ಕಾಲೇಜಿಗೆ ಸೇರಿದಳು. ಚಿಪ್ಪು ಮುಟ್ಟುವುದನ್ನು ಬಿಟ್ಟಳು. ಗಂಗಕ್ಕ ಬಂದರೆ ಒಳಕೋಣೆಗೆ ಹೋಗುತ್ತಿದ್ದಳು.

ಈ ವರ್ಷ ಕಾಲೇಜಿನ ಒಬ್ಬ ಮೇಡಂ ಅವಳ ಹಿಂದೆ ಬಿದ್ದರು. ಎರಡು ವರ್ಷ ಮುಗಿಸಿದವರು ಅದೇ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ವರ್ಗವಾಗಿ ಹೋಗಬಹುದಂತೆ. ಮೇಡಮ್ಮನ ಒತ್ತಾಯಕ್ಕೆ ನಯನಾ ಅಂಕಪಟ್ಟಿಗಳನ್ನೂ ಪ್ರತಿ ವಿಷಯದ ಪಠ್ಯಕ್ರಮಕ್ಕೆ ಪ್ರಾಂಶುಪಾಲರ ಮೊಹರನ್ನೂ ಕಾಲೇಜಿನ ನಿರಾಕ್ಷೇಪಣಾ ಪತ್ರವನ್ನೂ ಕೂಡಿಸಿದಳು. ಆದರೆ ಎಂಟರಿಂದ ಹನ್ನೆರಡರವರೆಗೆ ಶಾಲೆಯ ದಾಖಲೆ ಇಲ್ಲದವಳು — ಮತ್ತೆ ನನ್ನ ಹೇಳಿಕೆಯೇ ಬೇಕು. ಕೊಂಡಿ ಬಂದು ಹತ್ತು ದಿನವಾಗಿತ್ತು. ಅದರಲ್ಲಿ ಒಂದು ಸಾಲು: ‘ನಿಮ್ಮ ಹಿಂದಿನ ಹೇಳಿಕೆ ನಮ್ಮಲ್ಲಿದೆ. ಬದಲಾವಣೆ ಇದ್ದರೆ ಕಾರಣ ಸಹಿತ ತಿಳಿಸಿ.’ ದಿನಾ ಅದನ್ನು ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ.

ಸೋಮವಾರ ಕೊನೆಯ ದಿನ.

“ಇವತ್ತೇ ಅಲ್ದಾ ಕೊನೇದು?” ಎಂದೆ, ದೋಸೆ ಮಗುಚುತ್ತ.

“ಹೌದು. ನಾ ಕಳಿಸೂದಿಲ್ಲ,” ಎಂದಳು. “ಒಂದ್ಸಲ ಬೇಡ ಅಂದವ್ರ ಹತ್ರ ಮತ್ತೆ ಎಂತಕ್ಕೆ ಹೋಗೂದು? ಮೇಡಂಗೆ ಗೊತ್ತಿಲ್ಲ, ನಂಗೆ ಗೊತ್ತು. ನಾ ಸುಮಾರಿನವಳೇ ಅಮ್ಮಾ.”

ಬೇಸರವೇ ಇಲ್ಲದೆ ಹೇಳಿದಳು, ತನ್ನ ಎತ್ತರ ಹೇಳಿದ ಹಾಗೆ. ನಾನು ಗ್ಯಾಸ್ ಆರಿಸಿದೆ.

“ನಯನಾ, ಅವರು ನಿನ್ನನ್ನ ಬೇಡ ಅನ್ನಲಿಲ್ಲ. ಹಂಗೆ ಅನ್ನೂ ಹಾಗೆ ನಾನು ಬರೆದೆ.”

“ಎಂತ ಬರೆದೆ?”

“ಸಾಧಾರಣ ಅಂತ.”

“ನನ್ನ ಪುಸ್ತಕದ ವಿಷಯ?”

“ಇಲ್ಲ ಅಂತ.”

ಅವಳು ಟಿಫಿನ್ ಡಬ್ಬಿಯನ್ನು ಚೀಲದಿಂದ ತೆಗೆದು ಕಟ್ಟೆಯ ಮೇಲೆ ಇಟ್ಟಳು. ಅದು ನೆಟ್ಟಗಿರಲಿ ಎಂದು ಸ್ವಲ್ಪ ಸರಿಸಿದಳು ಕೂಡ. ಆಮೇಲೆ — ಅವಳ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

“ಒಂದು ಸ್ಪೆಲ್ಲಿಂಗ್ ತಪ್ಪಿದ್ರೆ ಹತ್ತು ಸಲ ಬರೆಸ್ತಿದ್ದೆ ನೀನು! ನಿಂಗೆ? ನಿಂಗೆ ಎಷ್ಟು ಸಲ ಬರೆಸೂದು? ಎರಡು ವರ್ಷ ನಾ ನನ್ನನ್ನೇ ದಡ್ಡಿ ಅಂದ್ಕಂಡೆ ಅಮ್ಮಾ! ಬಸ್ಸಲ್ಲಿ ಕೂತು ದಿನಾ ಅದನ್ನೇ ಅಂದ್ಕಂಡೆ!”

ಕಾರಣ ಕೇಳಿದಳು. ಹೇಳಿದೆ. ಹೇಳುವಾಗ ಅದು ಇನ್ನೂ ಸಣ್ಣದಾಗಿ ಕೇಳಿಸಿತು. ಎಂತದೂ ಕಳಿಸುವುದು ಬೇಡ, ನಿನ್ನ ಉಪಕಾರ ಬೇಡ, ಎಂದು ಕೂಗಿದಳು. ನಾನೂ ಕೂಗಿದೆ — ಅರ್ಜಿ ಕಳಿಸೂದು ಬಿಡೂದು ನಿನ್ನ ಇಷ್ಟ, ನಾ ನಿಜ ಬರೆಯೂದನ್ನ ನೀ ತಡೆಯೂ ಹಾಗಿಲ್ಲ! ಬಸ್ಸು ಹೋಯಿತು. ದೋಸೆ ಹೆಂಚಿನ ಮೇಲೆಯೇ ಒಣಗಿತು.

ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಅವರಿಗೂ ಹೇಳಿದೆ. ಸೀಮೆಎಣ್ಣೆಯಲ್ಲಿ ಕೈಯ ಗ್ರೀಸು ತಿಕ್ಕಿ ತೆಗೆದರು. “ಆ ಅರ್ಜಿಗೆ ನಾನೂ ಸಹಿ ಹಾಕಿದ್ದೆ ಅಲ್ದಾ? ಓದದೇ ಹಾಕಿದ್ದೆ. ಹಂಗಾರೆ ಅರ್ಧ ತಪ್ಪು ನಂದು,” ಎಂದರು. ಇಲ್ಲ, ಅರ್ಧ ಕೊಡುವ ಹಾಗಿಲ್ಲ, ಎಂದೆ. ಅವರು ನಯನಾಳ ತಟ್ಟೆಯನ್ನು ತೆಗೆದುಕೊಂಡು, ಅವಳು ಕೂತಿದ್ದ ಹಿತ್ತಿಲಿಗೆ ಹೋದರು. ತಟ್ಟೆ ಖಾಲಿಯಾಗಿ ಬಂತು.

ಎರಡು ಗಂಟೆಯ ಹೊತ್ತಿಗೆ ನಾನು ಬೀರುವಿನಿಂದ ಪುಸ್ತಕಗಳನ್ನು ತೆಗೆದು, ಕೊಂಡಿ ತೆರೆದು ಕೂತೆ. ಅವಳು ಬಂದು ಬಾಗಿಲಿಗೆ ಒರಗಿ ನಿಂತಳು. ಪುಸ್ತಕ ನೋಡಿದಳು. ಈ ಸಲದ ಕೊಂಡಿಯಲ್ಲಿ ವಿದ್ಯಾರ್ಥಿ ನೋಡುವಂತಿಲ್ಲ ಎಂಬ ಸಾಲು ಇರಲಿಲ್ಲ. ಕಾರಣದ ಜಾಗದಲ್ಲಿ ನಾನು ‘ಹಿಂದಿನ ಹೇಳಿಕೆಯಲ್ಲಿ ಕಣ್ತಪ್ಪಿನಿಂದ’ ಎಂದು ಆರಂಭಿಸಿದ್ದೆ.

“ಕಣ್ತಪ್ಪಾ?” ಎಂದಳು.

ಅಳಿಸಿದೆ. ‘ಹಿಂದಿನ ಹೇಳಿಕೆ ಸುಳ್ಳು. ಮಗಳು ಮನೆ ಬಿಟ್ಟು ಹೋಗಬಾರದೆಂದು ನಾನು ತಿಳಿದೇ ಹಾಗೆ ಬರೆದೆ. ವಿದ್ಯಾರ್ಥಿನಿಗೆ ಇದು ಇಂದಿನವರೆಗೆ ಗೊತ್ತಿರಲಿಲ್ಲ.’ ಇದನ್ನು ಇಂಗ್ಲಿಷಿನಲ್ಲಿ ಬರೆದೆ. ಇಂಗ್ಲಿಷಿನಲ್ಲಿ ನಾನು ಅಲ್ಲಿಯವರೆಗೆ ನನ್ನ ಬಗ್ಗೆ ಬರೀ ಒಳ್ಳೆಯ ಮಾತುಗಳನ್ನೇ ಬರೆದಿದ್ದೆ.

ಮಟ್ಟದ ಜಾಗಕ್ಕೆ ಬಂದಾಗ ಅವಳು ಕುರ್ಚಿ ಎಳೆದುಕೊಂಡಳು. “ನಿಜ ಹೇಳು. ನಾ ಎಷ್ಟು?”

ಐದು ವರ್ಷ ಕಲಿಸಿದ್ದಕ್ಕೆ ಅದೇ ನನ್ನ ಪರೀಕ್ಷೆ. ಬೆಳಿಗ್ಗೆಯಿಂದ ಮನಸ್ಸು ಎಲ್ಲವನ್ನೂ ಹೊಗಳಿಕೆಯಿಂದ ತುಂಬಿಕೊಡು ಅನ್ನುತ್ತಿತ್ತು. ಕೊಡಲಿಲ್ಲ. “ಗಣಿತದಲ್ಲಿ ಅವಸರ ಮಾಡ್ತಿ. ಪ್ರಬಂಧ ಬರೆದ್ರೆ ಮುಗಿಸೂದೇ ಇಲ್ಲ. ಆದ್ರೆ ಒಂದು ವಸ್ತುವನ್ನ ನಿನ್ನಷ್ಟು ಹೊತ್ತು, ನಿನ್ನಷ್ಟು ಸರಿಯಾಗಿ ನೋಡುವವ್ರನ್ನ ನಾ ಕಂಡಿಲ್ಲ.”

“ಪ್ರಬಂಧ ಮುಗಿಸ್ತೆ ನಾನು,” ಎಂದಳು ಸಿಟ್ಟಿನಿಂದ.

“ಯಾವುದು ಮುಗಿಸಿದ್ದೆ ಹೇಳು?”

ಅವಳು ಯೋಚಿಸಿದಳು. ಮೂಗಿನಿಂದ ಸಣ್ಣದೊಂದು ನಗು ಹೊರಟಿತು, ಕೂಡಲೇ ನುಂಗಿಕೊಂಡಳು. ‘ಉತ್ತಮ’ವನ್ನು ಒತ್ತಿದೆ, ಕೆಳಗೆ ಗಣಿತದ ಅವಸರವನ್ನೂ ಬರೆದೆ, ಬಳಚಿನ ನಾಲ್ಕು ವರ್ಷವನ್ನೂ ಬರೆದೆ. ಪುಸ್ತಕದ ಪುಟಗಳನ್ನು ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಫೋಟೊ ತೆಗೆದೆವು — ನಾನು ಹಿಡಿದೆ, ಅವಳು ತೆಗೆದಳು. ಒಂದು ಪುಟದಲ್ಲಿ ಅವಳು ನಿಂತುಬಿಟ್ಟಳು. “ಇಲ್ಲಿ ತಪ್ಪು ಮಾಡಿದ್ದೆ ನಾನು. ಈ ಗೆರೆ ಮಳೆಯದ್ದಲ್ಲ,” ಎಂದು ಪೆನ್ಸಿಲ್ ಹುಡುಕಿದಳು. ಎರಡು ವರ್ಷದ ಮೇಲೆ ಮೊದಲ ಸಲ. ಆದರೆ ಇದು ನನಗೆ ಸಿಕ್ಕ ಕ್ಷಮೆ ಎಂದು ನಾನು ಹೇಳುವುದಿಲ್ಲ. ಅವಳು ಕ್ಷಮಿಸಿದ್ದೇನೆ ಅಂದಿಲ್ಲ, ನಾನು ಕೇಳಿಲ್ಲ.

ಐದಕ್ಕೆ ಕಳಿಸಿ ಆಯಿತು. ಅರ್ಜಿ ಕಳಿಸುವ ಗುಂಡಿ ಒತ್ತಿದವಳು ಅವಳೇ. ಏನಾಗುತ್ತದೋ ಗೊತ್ತಿಲ್ಲ, ಸುಳ್ಳು ಹೇಳಿದ ತಾಯಿಯ ಎರಡನೇ ಮಾತನ್ನು ಅವರು ಯಾಕೆ ನಂಬಬೇಕು? ನಂಬದಿದ್ದರೆ ಅದಕ್ಕೂ ನಾನೇ ಹೊಣೆ. ಆದರೆ ಈ ಸಲ ಬೇಡ ಅಂದರೆ ಅದು ಅವಳನ್ನು ಅವಳಾಗಿಯೇ ನೋಡಿ ಅಂದ ಮಾತು. ಮುಂದಿನ ವರ್ಷಕ್ಕೆ ಬೇರೆ ಎರಡು ಕಡೆಯ ನಿಯಮಗಳನ್ನು ಅವಳು ರಾತ್ರಿ ಊಟಕ್ಕೆ ಮೊದಲೇ ಓದತೊಡಗಿದ್ದಳು. ಹೇಳಿಕೆ ಎಷ್ಟು ಸಲ ಬೇಕಾದರೂ, ಎಷ್ಟು ಜನಕ್ಕೆ ಬೇಕಾದರೂ ಬರೆಯುತ್ತೇನೆ — ಆ ಕಾರಣದ ಸಾಲಿನ ಸಮೇತ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಫಿಲೋಮಿನಾಬಾಯಿ ನಾಲ್ಕು ಎಸಳು ಕರಿಬೇವಿಗೆ ಬಂದರು. ನಾನು ಕೊಯ್ಯುತ್ತಿದ್ದಾಗ ಕಂಪೌಂಡಿನ ಆಚೆಯಿಂದಲೇ ಹೇಳಿದರು:

“ಎಂತ ಬಾಯಿ, ಬೆಳಿಗ್ಗೆ ತಾಯಿ-ಮಗಳದ್ದು ಅಷ್ಟು ಜೋರು? ನಾನು ನಮ್ಮವ್ರಿಗೆ ಹೇಳ್ದೆ — ಏಳು ವರ್ಷ ಒಂದು ಸದ್ದಿಲ್ಲ, ಅಂತೂ ಆ ಮನೇಲಿ ಇವತ್ತು ಶಾಲೆ ಬಿಡ್ತು ಕಾಣ್ತದೆ ಅಂತ.”