ಬಲಕ್ಕೆ ಮಲಗಿದ ಕೊಂಡಿ

ವಿಮಲಾಬಾಯಿ ಇಳಕಲ್ಲಿನ ಆ ಮನೆಗೆ ಮೊದಲ ಸಲ ಬಂದ ದಿನ ಶಿವಲಿಂಗವ್ವ ಎದ್ದು ನಿಲ್ಲಲಿಲ್ಲ, ನೀರು ಕೊಡಲಿಲ್ಲ, ತಲೆ ಎತ್ತಿಯೂ ನೋಡಲಿಲ್ಲ. ಕೊಂಡಿ ಹಾಕುತ್ತ ಕೂತಿದ್ದಳು. ಇಳಕಲ್ ಸೀರೆಯ ಒಡಲಿಗೆ ಹತ್ತಿಯ ಹಾಸು, ಅಂದರೆ ಉದ್ದೆಳೆ; ಸೆರಗಿಗೆ ಕೆಂಪು ರೇಷ್ಮೆಯ ಹಾಸು. ಹತ್ತಿಯ ಒಂದೊಂದು ಎಳೆಯ ಕುಣಿಕೆಯಲ್ಲಿ ರೇಷ್ಮೆಯ ಒಂದೊಂದು ಎಳೆ ತೂರಿಸಿ ಹೊಸೆದು ಕೂಡಿಸಬೇಕು. ಅದೇ ಕೊಂಡಿ. ಸಾವಿರಾರು ಎಳೆ, ನಡುವೆ ಎದ್ದವಳಿಗೆ ಎಲ್ಲಿ ಬಿಟ್ಟೆನೆಂಬುದು ಸಿಗುವುದಿಲ್ಲ.

ಬಂದಾಕೆ ಬಾದಾಮಿಯವಳು, ಬಾಗಲಕೋಟೆಯ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಹೊಸ್ತಿಲ ಬಳಿ ಕೂತು ಮೂರು ತಾಸು ಕಾದಳು. ಕೊನೆಯ ಎಳೆ ಮುಗಿದ ಮೇಲೆ ಬಾಯಿ ತೆರೆದಳು.

“ನೀವು ಎಡಗೈಲೆ ಹೊಸೀತೀರಿ. ಕೊಂಡಿ ಎಡಕ್ಕ ಮಲಗ್ತಾವ.”

“ಹೂಂರಿ ಬಾಯಾರ. ಊರಾಗ ಮಿಕ್ಕವರದೆಲ್ಲಾ ಬಲಕ್ಕ. ಉಡಾವ್ರು ಯಾರು ಸಂದು ನೋಡ್ತಾರ? ಸೀರಿ ಬೇಕಾಗಿತ್ತೇನ್ರಿ?”

“ಸೀರಿ ಬ್ಯಾಡ. ನಿಮ್ಮ ಮಗಳು ಯಾವ ಎಲಿ ತಗದಿದ್ಲು ಅಂತ ಕೇಳಲಿಕ್ಕೆ ಬಂದೀನಿ.”

ಶಿವಲಿಂಗವ್ವನ ಕೈ ಮಡಿಲಿಗೆ ಬಿತ್ತು. ಮಗಳು ಮಹೇಶ್ವರಿ ಸತ್ತು ಎರಡು ವರ್ಷವಾಗಿತ್ತು. ಬಂದವರೆಲ್ಲ ಯಾವ ಬೇನೆ, ಯಾವ ದವಾಖಾನಿ ಎಂದು ಕೇಳಿದ್ದರು. ಎಲೆ ಯಾವುದೆಂದು ಯಾರೂ ಕೇಳಿರಲಿಲ್ಲ.

“ಒಬ್ಬ ಗಂಡಸುರಿ. ಒಂದು ಕಾಲಿಗೆ ಹಗ್ಗ ಕಟ್ಟಿ ತಲಿಕೆಳಗ ಮಾಡಿ ತೂಗಬಿಟ್ಟಿದ್ರು.”

“ನನ್ನ ತಂಗಿ ರಂಜನಾಗೂ ಅದ ಎಲಿ ಕೊಟ್ಟಾನ,” ಎಂದಳು ವಿಮಲಾಬಾಯಿ.

ಕೊಟ್ಟವನು ಸಂಕೇತ. ಬಾಗಲಕೋಟೆಯ ನವನಗರದಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದು, ಇಜಿಪ್ತಿನ ಗುಪ್ತವಿದ್ಯೆಯೆಂದು ಬೋರ್ಡು ಹಾಕಿ, ಚಿತ್ರದ ಎಲೆ ಹಾಸಿ ಭವಿಷ್ಯ ಹೇಳುತ್ತಿದ್ದ. ತೂಗುವ ಮನುಷ್ಯ ಬಂದರೆ ಸುಮ್ಮನೆ ಕಾಯಬೇಕು, ಮೈಗೆ ಔಷಧಿ ಮುಟ್ಟಿಸಬಾರದು ಎನ್ನುತ್ತಿದ್ದ. ಮಹೇಶ್ವರಿ ಸಕ್ಕರೆ ಬೇನೆಯ ಸೂಜಿ ಬಿಟ್ಟಳು. ರಂಜನಾ ಎದೆಯ ಗಂಟು ಕೊಯ್ಸಿಕೊಳ್ಳದೆ ಒಂಬತ್ತು ತಿಂಗಳು ಕಾದಳು. ಇಬ್ಬರ ಮನೆಯವರೂ ಪೊಲೀಸರ ಬಳಿ ಹೋಗಿದ್ದರು. ಔಷಧಿ ಅವರಾಗೇ ಬಿಟ್ಟದ್ದು, ಅವನು ಬರೆದುಕೊಟ್ಟದ್ದೇನೂ ಇಲ್ಲ ಎಂಬ ಮಾತು ಕೇಳಿ ಬಂದಿದ್ದರು. ಮಹೇಶ್ವರಿಯ ಸುದ್ದಿ ವಿಮಲಾಬಾಯಿಗೆ ಸಿಕ್ಕದ್ದು ಅಲ್ಲಿಯೇ.

“ಹಂಗಾರ ಏನ್ ಮಾಡೂದ್ರಿ ಬಾಯಾರ?”

“ಕಾಯಲಿಕ್ಕೆ ಅವನ ಕಲಿಸ್ಯಾನಲ್ಲ. ಕಾಯೋಣು.”

ಅವತ್ತಿನಿಂದ ಶಿವಲಿಂಗವ್ವ ಅಮಾವಾಸ್ಯೆಗೊಮ್ಮೆ ಬಾದಾಮಿಗೆ ಹೋಗತೊಡಗಿದಳು. ಅಮಾವಾಸ್ಯೆಯ ದಿನ ಮಗ್ಗಕ್ಕೆ ಸೂಟಿ. ತಂಗಿ ಸತ್ತ ಎಂಟು ವರ್ಷದಿಂದ ವಿಮಲಾಬಾಯಿ ಒಂದೇ ಕೆಲಸ ಹಿಡಿದಿದ್ದಳು: ಪಶ್ಚಿಮದ ದೇಶಗಳ ಗುಪ್ತವಿದ್ಯೆಗಳನ್ನು ಬುಡದಿಂದ ಓದಿ, ಕನ್ನಡದಲ್ಲಿ ಒಂದು ಪುಸ್ತಕ ಬರೆಯುವುದು. ಬರೆದದ್ದನ್ನು ಶಿವಲಿಂಗವ್ವನಿಗೆ ಓದಿ ಹೇಳುವಳು. ಈಕೆಗೆ ಅಕ್ಷರ ಬರುವುದು ಸಹಿ ಮಾಡುವಷ್ಟು, ಬಸ್ಸಿನ ಬೋರ್ಡು ಓದುವಷ್ಟು. ಕಿವಿ ಮಾತ್ರ ಚೂಪು.

“ಎಲ್ಲಾರೂ ಕಳ್ಳರನ ಏನ್ರಿ?”

“ಅಲ್ಲ. ಸೀಸದ ಲೋಹ ಕಾಸಿದ್ರ ಬಂಗಾರ ಆಗ್ತದಂತ ಒಲಿ ಮುಂದ ಕೂತ ಮುಪ್ಪಾದವರಿದ್ರು. ಬಂಗಾರ ಆಗ್ಲಿಲ್ಲ, ಆದ್ರ ಅವರ ಕಾಸೋದು ಸೋಸೋದರಿಂದ ರಸಾಯನಶಾಸ್ತ್ರ ಬೆಳೀತು. ನಾಕುನೂರು ವರ್ಷದ ಹಿಂದ ಜರ್ಮನಿಯೊಳಗ, ಒಂದು ಗುಪ್ತ ಮಂಡಳಿ ಅದ ಅಂತ ಯಾರೋ ಹೊತ್ತಿಗಿ ಹಂಚಿದ್ರು. ಮಂಡಳಿ ಯಾರೂ ಕಾಣಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಮುಂದ ಜನ ತಾವ ಅಂಥ ಮಂಡಳಿ ಕಟ್ಟಿಕೊಂಡ್ರು.”

“ಮೊದಲ ಲಗ್ನ ಗೊತ್ತುಮಾಡಿ, ಆಮ್ಯಾಲ ಹೆಣ್ಣ ಹಡದಂಗಾತು ಬಿಡ್ರಿ!”

ವಿಮಲಾಬಾಯಿ ನಕ್ಕದ್ದನ್ನು ಶಿವಲಿಂಗವ್ವ ಅವತ್ತೇ ಮೊದಲು ನೋಡಿದ್ದು.

“ಇನ್ನೊಂದು ಕೇಳು. ಇಜಿಪ್ತಿನ ಒಬ್ಬ ಋಷಿ ಜಗತ್ತಿನ ಆದಿಯೊಳಗ ಬರದದ್ದು ಅಂತ ಪಂಡಿತರೆಲ್ಲಾ ತಲಿಮ್ಯಾಲೆ ಹೊತ್ತ ಗ್ರಂಥ ಇದ್ವು. ಒಬ್ಬ ಅದರೊಳಗಿನ ಗ್ರೀಕ್ ಮಾತು ಒಂದೊಂದ ಬಿಚ್ಚಿ ನೋಡಿದ. ಇವು ಅಷ್ಟು ಹಳೀ ಮಾತಲ್ಲ, ಏಸುಕ್ರಿಸ್ತ ಹುಟ್ಟಿದ ಮ್ಯಾಲಿನವು ಅಂತ ತೋರಿಸಿದ.”

“ಅಂಚು ನೋಡಿ ಸೀರಿ ಯಾ ಕಾಲದ್ದಂತ ಹೇಳಿದಂಗ.”

“ಹಂಗ ನೋಡು. ಸಂಕೇತನ ಎಲಿನೂ ಇಜಿಪ್ತಿನವಲ್ಲ. ಇಟಲಿಯೊಳಗ ಸಾವಕಾರರು ಹೊತ್ತು ಕಳೀಲಿಕ್ಕೆ ಆಡೂ ಇಸ್ಪೀಟು. ಮುನ್ನೂರು ವರ್ಷ ಆಟಾ ಆಡಿದ ಮ್ಯಾಲೆ ಫ್ರಾನ್ಸಿನ ಒಬ್ಬ ಪಂಡಿತ, ಇವು ಇಜಿಪ್ತಿನವು ಅಂದ. ಅವನ ಕಾಲಕ್ಕ ಇಜಿಪ್ತಿನ ಲಿಪಿ ಓದಲಿಕ್ಕೆ ಯಾರಿಗೂ ಬರ್ತಿದ್ದಿಲ್ಲ.”

“ಇಸ್ಪೀಟಿಗೆ ನನ್ನ ಮಗಳು ಹೋದ್ಲು,” ಎಂದಳು ಶಿವಲಿಂಗವ್ವ.

ವಿಮಲಾಬಾಯಿಯದು ಒಂದು ನೇಮವಿತ್ತು. ಪ್ರತಿ ಸಲವೂ ಹೇಳುವಳು: “ನಂಬಬ್ಯಾಡ, ನಗಬ್ಯಾಡ. ಮೊದಲ ಯಾರು ಹೇಳಿದ್ರು, ಯಾವಾಗ ಹೇಳಿದ್ರು ಅಂತ ಕೇಳು. ಸಿಕ್ಕಷ್ಟ ಹೇಳು. ಒಂದು ಎಳಿ ಹೆಚ್ಚಿಗಿ ಹೇಳಿದ್ರ ನೀನೂ ಸಂಕೇತನ.” ಪುಸ್ತಕದ ಕೊನೆಯ ಅಧ್ಯಾಯವನ್ನು ಅವನಿಗೆಂದೇ ಖಾಲಿ ಬಿಟ್ಟಿದ್ದಳು. “ಅವನ ಹೆಸರು ಹಿಡಿದು ಬರೀತೀನಿ. ಅವನ ಮೊಮ್ಮಕ್ಕಳು ಓದಿ ತಲಿ ತಗ್ಗಿಸಬೇಕು.”

ಶ್ರಾವಣದಲ್ಲಿ ಸಂಕೇತ ಹುನಗುಂದದ ಒಂದು ಕಲ್ಯಾಣ ಮಂಟಪದಲ್ಲಿ ಸಭೆ ಇಟ್ಟ. ಇಳಕಲ್ಲಿನಿಂದಲೂ ಟಂಟಂ ಆಟೋ ತುಂಬಿಕೊಂಡು ಹೆಂಗಸರು ಹೋದರು. ಇವರಿಬ್ಬರೂ ಮೂರನೆಯ ಸಾಲಿನಲ್ಲಿ ಕೂತರು. ಅವನು ಎಲೆ ಎತ್ತಿ ತೋರಿಸಿದ ಕೂಡಲೆ ವಿಮಲಾಬಾಯಿ ಎದ್ದು ನಿಂತು ಇಟಲಿ, ಫ್ರಾನ್ಸು, ಇಸವಿ ಎಲ್ಲವನ್ನೂ ಹೇಳಿದಳು. ಅವನು ಪೂರ್ತಿ ಕೇಳಿ ಕೈಮುಗಿದ.

“ಬಾಯಾರ, ಪುಸ್ತಕದ ಬದ್ನಿಕಾಯಿ ಪಲ್ಯಕ್ಕ ಬರೂದಿಲ್ರಿ. ಎಲಿ ಹೊಸಾವ ಇರ್ಲಿ ಬೇಕಾದ್ರ. ಎಲಿ ಹಾಸೂ ಈ ವಸ್ತ್ರ ನೋಡ್ರಿ. ಇಜಿಪ್ತಿನ ಗುಡಿಯೊಳಗಿಂದು, ಮೂರು ಸಾವಿರ ವರ್ಷದ್ದು. ಅರ್ಧಾ ಹಗಲು, ಅರ್ಧಾ ರಾತ್ರಿ. ಬರ್ರೆವ್ವಾ, ಎಲ್ಲಾರೂ ಮುಟ್ಟಿ ನೋಡ್ರಿ. ಇದು ಪುಸ್ತಕದಾಗ ಸಿಗ್ತೈತೇನು?”

ಮಂಟಪ ನಕ್ಕಿತು. ವಿಮಲಾಬಾಯಿ ಕೂತುಬಿಟ್ಟಳು. ಎಂಟು ವರ್ಷದ ಓದು ಒಂದು ಬದನೆಕಾಯಿಗೆ ಸೋತಿತು.

ಶಿವಲಿಂಗವ್ವ ಎದ್ದು ಸಾಲಿನಲ್ಲಿ ನಿಂತಳು. ಮೇಜಿನ ಮೇಲಿದ್ದ ವಸ್ತ್ರ ಕಪ್ಪು. ಸುತ್ತಲೂ ಜರಿಯ ಚಿಕ್ಕಿ. ಅರ್ಧ ಮಂಕು, ಅರ್ಧ ಮಿಂಚು. ಮಂಕು ಮುಗಿದು ಮಿಂಚು ಶುರುವಾಗುವ ಗೆರೆಯ ಮೇಲೆ ಅವಳ ಹೆಬ್ಬೆರಳು ಹರಿದು ನಿಂತಿತು. ಕೊಂಡಿ! ಯಾವುದೋ ಹಳೆಯ ಸೀರೆಯನ್ನು ಸೆರಗಿನ ಸಂದು ನಡುವೆ ಬರುವಂತೆ ಕತ್ತರಿಸಿ ಕಪ್ಪು ಬಣ್ಣದಲ್ಲಿ ಅದ್ದಿದ್ದರು. ಹತ್ತಿ ಮಂಕಾಗಿತ್ತು, ರೇಷ್ಮೆ ಮಿಂಚಿತ್ತು. ಇಳಕಲ್ಲಿಗೆ ಅರ್ಧ ತಾಸಿನ ಹಾದಿಯಲ್ಲಿ ಕೂತು ಇಳಕಲ್ ಸೀರೆಯನ್ನು ಇಜಿಪ್ತು ಎನ್ನುತ್ತಿದ್ದ.

ರೇಷ್ಮೆ ಮೇಲೆ ಮಾಡಿ, ವಸ್ತ್ರದ ಮುಖ ತನ್ನ ಕಡೆ ಮಾಡಿ ಹಿಡಿದಳು. ಕೊಂಡಿಗಳು ಬಲಕ್ಕೆ ಮಲಗಿದ್ದವು. ವಸ್ತ್ರದ ಬೆನ್ನು ತಿರುವಿ ನೋಡಿದಳು, ಮತ್ತೆ ಮುಖ ನೋಡಿದಳು. ಬಲಕ್ಕೇ. ಅವಳ ಕೈಯವಲ್ಲ.

ಇಳಕಲ್ಲಿನದು ಎಂದಷ್ಟೇ ಹೇಳಿದರೆ, ನಿಮ್ಮ ನೇಯ್ಗೆಯೂ ಇಜಿಪ್ತಿನಿಂದಲೇ ಬಂದದ್ದು ಎನ್ನುತ್ತಾನೆ. ಮಂಟಪ ಮತ್ತೊಮ್ಮೆ ನಗುತ್ತದೆ. ಶಿವಲಿಂಗವ್ವ ವಸ್ತ್ರವನ್ನು ತಲೆಯ ಮೇಲಕ್ಕೆ ಎತ್ತಿದಳು.

“ಇದು ನನ್ನ ಕೊಂಡಿ! ಹದಿನಾಕು ವರ್ಷದ ಹಿಂದ ಈ ಕೈಲೆ ನಾನ ಹಾಕಿದ್ದು.”

“ಏನವಾ ಯಮ್ಮಾ, ಅದರ ಮ್ಯಾಲ ನಿನ್ನ ಹೆಸರು ಬರದೈತೇನು?”

“ಹಡದಾಕಿಗೆ ಕೂಸಿನ ಗುರ್ತು ಕೇಳ್ತಿಯೇನೋ? ನನ್ನ ಮಗಳು ಮಹೇಶ್ವರಿ ಆಣಿ. ಕಾಯಿ ಅಂತ ಹೇಳಿ ಕೊಂದೆಲ್ಲ, ಆಕಿ ಆಣಿ!”

ಓಣಿಯ ಬಸಲಿಂಗವ್ವ ಓಡಿಬಂದು ಸಂದು ಮುಟ್ಟಿದಳು. “ಅಯ್ಯ ನನ ಶಿವನ, ಹೌದಲ್ಲ! ಏ ಇಜಿಪ್ತಪ್ಪಾ, ನಿಮ್ಮ ರಾಜಾಗೋಳು ಇಳಕಲ್ ಸೀರಿ ಉಡ್ತಿದ್ರೇನೋ?”

ಈಗ ಮಂಟಪ ನಕ್ಕದ್ದು ಬೇರೆ ನಗು. ಮಗ್ಗದ ಮನೆಯ ಹೆಂಗಸರು ಒಬ್ಬೊಬ್ಬರೇ ಮುಟ್ಟಿ ನೋಡಿ, ಮೇಜಿನ ಸುತ್ತ ನೆರೆದರು. ಕೊಂಡಿ ಯಾವ ಕಡೆ ಮಲಗಿದೆಯೆಂದು ಯಾರೂ ನೋಡಲಿಲ್ಲ. ತನಗೆ ಮಾರಿದವನು ಮೋಸ ಮಾಡಿದ್ದಾನೆ ಎಂದ ಸಂಕೇತ. “ಮುಂದಿಂದೆಲ್ಲಾ ಕಾಣೂ ಕಣ್ಣಿಗೆ ಹದಿನಾಕು ವರ್ಷ ಹಿಂದಿಂದು ಕಾಣ್ಲಿಲ್ಲೇನು?” ಎಂದು ಯಾರೋ ಕೂಗಿದರು. ಎಲೆ, ವಸ್ತ್ರ ಎಲ್ಲ ಬಿಟ್ಟು ಅವನು ಅಡಿಗೆಮನೆಯ ಬಾಗಿಲಿಂದ ಹೊರಬಿದ್ದ.

ವಾರದೊಳಗೆ ನವನಗರದ ಬೋರ್ಡು ಇಳಿಯಿತು. ಮುಚ್ಚಿದ ಶಟರ್ ನೋಡಲೆಂದೇ ಶಿವಲಿಂಗವ್ವ ಮೂರು ಸಲ ಬಾಗಲಕೋಟೆಗೆ ಹೋದಳು. ಮೂರನೆಯ ಸಲ ಎದುರಿನ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿ, ಶಟರ್ ನೋಡುತ್ತ ಎರಡು ರೊಟ್ಟಿ ತಿಂದಳು. ಮಗಳು ಹೋದ ಮೇಲೆ ರೊಟ್ಟಿಗೆ ರುಚಿ ಬಂದದ್ದು ಅವತ್ತೇ.

ಬಿಟ್ಟುಹೋದ ವಸ್ತ್ರವನ್ನು ವಿಮಲಾಬಾಯಿ ಮಡಚಿ ಮನೆಗೆ ಒಯ್ದಿದ್ದಳು. ಅದರ ಮಾತು ಮಾತ್ರ ಎತ್ತಲಿಲ್ಲ.

ದಸರೆ ಕಳೆದ ಮೇಲೆ ರಂಜನಾಳ ಮಗಳು ಶುಭದಾ ಫೋನು ಮಾಡಿದಳು. “ವಿಮಲಾ ಮೌಶಿ ಎದಿ ಭಾಳ ದಣದದರಿ. ನಿಮ್ಮನ್ನ ಕರೀತಾಳ.” ಹಾಸಿನಲ್ಲಿ ಇನ್ನೂ ಮುನ್ನೂರು ಎಳೆ ಬಾಕಿ ಇದ್ದವು. ಶಿವಲಿಂಗವ್ವ ಕೊಂಡಿ ನಡುವೆಯೇ ಬಿಟ್ಟು ಎದ್ದು ಬಸ್ಸು ಹತ್ತಿದಳು.

ವಿಮಲಾಬಾಯಿ ದಿಂಬಿಗೆ ಒರಗಿದ್ದಳು. ಮಗ್ಗುಲಲ್ಲಿ ಪುಸ್ತಕದ ಕೊನೆಯ ಹಾಳೆ, ಅರ್ಧ ಬರೆದದ್ದು. ಶುಭದಾಳನ್ನು ಚಹಾ ಮಾಡಲು ಕಳಿಸಿ, ಹೊದ್ದ ಕೌದಿಯ ಮೇಲೆ ಆ ಕಪ್ಪು ವಸ್ತ್ರ ಹಾಸಿದಳು. ರೇಷ್ಮೆ ಮೇಲೆ ಮಾಡಿ, ಮುಖ ತನ್ನ ಕಡೆ ಮಾಡಿ.

“ಅವ ಈಗ ಕಲಾದಗಿಯೊಳಗ ಮತ್ತ ಬೋರ್ಡು ಹಾಕ್ಯಾನಂತ. ಈ ಪುಸ್ತಕ ಮೊದಲ ಓದಾವ ಅವನ. ಇದರಾಗ ಒಂದು ಎಳಿ ಸುಳ್ಳು ಸಿಕ್ಕರ ಪೂರಾ ಬಿಚ್ಚಿ ಹಾಕ್ತಾನ. ನೀ ಮಂಟಪದಾಗ ಅಂದದ್ದು ಸುಳ್ಳಂತ ನಾನ ಬರದ್ರ, ಅವತ್ತಿನ ನಮ್ಮ ಗೆಲುವು ನಾನ ಬಿಚ್ಚಿದಂಗ.”

ಶಿವಲಿಂಗವ್ವ ತನ್ನ ಎಡಗೈಯನ್ನು ಸೆರಗಿನೊಳಗೆ ತೆಗೆದುಕೊಂಡಳು.

“ಆ ದಿನ ನಿಮ್ಮ ಹೊಸ್ತಿಲದಾಗ ಮೂರು ತಾಸು ನಿನ್ನ ಕೈ ನೋಡೀನಿ,” ಎಂದಳು ವಿಮಲಾಬಾಯಿ. ಬೆರಳು ಸಂದಿನ ಗುಂಟ ಮೆಲ್ಲಗೆ ಬಲಕ್ಕೆ ಹರಿಯಿತು. ಇನ್ನೊಂದು ಕೈಯಲ್ಲಿ ಪೆನ್ನು ತೆರೆದೇ ಇತ್ತು. “ನೀ ಏನ ಹೇಳ್ತಿ ಅದನ್ನ ಬರೀತೀನಿ. ಎರಡನೇ ಸಲ ಕೇಳೂದಿಲ್ಲ. ಶಿವಲಿಂಗವ್ವ, ಈ ಕೊಂಡಿ ಖರೇನ ನಿಂದೇನು?”